ಐದು ಕಾಲಿನ ಕುದುರೆ

"ಅವನೇ," ಎಂದಳು ಸಾಹಿತಿಯ ಮಗಳು, ಕೊಡೆಯ ತುದಿಯಿಂದ ಮೇಲಿನ ಕಿಟಕಿಯನ್ನು ತೋರಿಸುತ್ತಾ. "ಹೋಗಿ ಕುತ್ತಿಗೆಪಟ್ಟಿ ಹಿಡ್ಕೊಳ್ಳಿ. ಇನ್ನೇನು ಬೇಕು ನಿಮಗೆ?"

"ಮೊದಲು ಆ ಕೊಡೆ ಇಳಿಸಿ. ದಾರೀಲಿ ಹೋಗೋರೆಲ್ಲ ಮೇಲೆ ನೋಡ್ತಿದ್ದಾರೆ."

ಇಳಿಸಿದಳು. ಆ ಕೊಡೆಯ ಹಿಡಿಕೆ ಮರದ ಬಾತುಕೋಳಿಯ ತಲೆ, ಕೊಕ್ಕು ಮುರಿದಿತ್ತು. ಬಿಸಿಲಿರಲಿ ಮೋಡವಿರಲಿ, ಅದಿಲ್ಲದೆ ಅವಳು ಹೊರಗೆ ಕಾಲಿಡುತ್ತಿರಲಿಲ್ಲ. ನನ್ನ ಪತ್ತೇದಾರಿ ಕಚೇರಿಗೆ ಮೊದಲ ಸಲ ಬಂದ ದಿನವೇ ಅದನ್ನು ನನ್ನ ಮೇಜಿನ ಕಾಗದಗಳ ಮೇಲೆ ಅಡ್ಡಡ್ಡ ಇಟ್ಟಿದ್ದಳು. ಸಾಹಿತಿಯ ಮಗಳು ನೋಡಿ, ಬೇರೆಯವರ ಕಾಗದ ಅಂದರೆ ಲೆಕ್ಕಕ್ಕಿಲ್ಲ.

"ನೀವು ಕೆಳಗೇ ಇರಿ. ನಾನು ಕರೆದರೆ ಬನ್ನಿ," ಎಂದೆ.

"ನಾಡಿದ್ದು ತೀರ್ಪು. ಅತ್ತೆ ಜೈಲಲ್ಲಿದ್ದಾರೆ. ಅದು ನೆನಪಿರಲಿ."

ನೆನಪಿಲ್ಲದೆ ಏನು. ಎಲ್ಲರೂ 'ದೊಡ್ಡವರು' ಎಂದು ಕರೆಯುತ್ತಿದ್ದ ಕಾದಂಬರಿಕಾರ, ಅಂದರೆ ಇವಳ ಅಪ್ಪ, ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ತಮ್ಮ ಮನೆಯ ಮಹಡಿಯಲ್ಲಿದ್ದ ಬರೆಯುವ ಕೋಣೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದರು. ಮನೆಯಲ್ಲಿದ್ದವರು ಅವರ ತಂಗಿ ಒಬ್ಬರೇ. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಹಾಗಾದರೆ ತಂಗಿಯೇ ಕೊಂದದ್ದು ಎಂದು ಇನ್ಸ್‌ಪೆಕ್ಟರ್ ಕಡತ ಕಟ್ಟಿ ಕೈ ತೊಳೆದುಕೊಂಡಿದ್ದ. ತಾಯಿಯಿಲ್ಲದ ಮಗಳನ್ನು ಸಾಕಿದ್ದು ಆ ಅತ್ತೆ. ಆ ಅತ್ತೆಯನ್ನು ಬಿಡಿಸಿಕೊಡಿ ಎಂದು ಮಗಳು ನನ್ನ ಹತ್ತಿರ ಬಂದಿದ್ದಳು.

ಇನ್ನು ಈ ಮೇಲಿನ ಕಿಟಕಿಯವನ ವಿಷಯ. ದೊಡ್ಡವರು ಅರ್ಧಕ್ಕೆ ಬಿಟ್ಟುಹೋದ ಪತ್ತೇದಾರಿ ಕಾದಂಬರಿಯನ್ನು ಮುಗಿಸಿದವನು ಅವನೇ. ಪುಸ್ತಕದ ಹೊದಿಕೆಯ ಮೇಲೆ ದೊಡ್ಡವರ ಹೆಸರು ಕುಂಬಳಕಾಯಿಯ ಗಾತ್ರ, ಇವನದು ಸಾಸಿವೆಯ ಗಾತ್ರ. ಗಾಳಿಪಟ ಮೇಲೇರಿದಾಗ ಜೊತೆಗೆ ತಾನೂ ಏರಿದ್ದರಿಂದ ಪತ್ರಿಕೆಯವರು ಇವನಿಗೆ 'ಬಾಲಂಗೋಚಿ' ಎಂದು ಹೆಸರಿಟ್ಟಿದ್ದರು. ಪತ್ರಿಕೆಯವರು ನಿಜ ಹೇಳಿದ್ದು ಆ ಒಂದೇ ಸಲ ಇರಬೇಕು.

ಕೆಳಗೆ ದರ್ಜಿಯ ಅಂಗಡಿ, ಮೇಲೆ ಅವನ ಕೋಣೆ. ಮೆಟ್ಟಿಲು ಹತ್ತುವಾಗ ಹೊಲಿಗೆ ಯಂತ್ರಗಳ ಸದ್ದು ಕಾಲಿಗೇ ತಾಗುತ್ತಿತ್ತು. ಬಾಗಿಲು ತೆಗೆದವನ ಮೈಮೇಲೆ ಹೊಸ ಅಂಗಿ, ಮುಖದ ಮೇಲೆ ಹೊಸ ನಗೆ. ಎರಡೂ ಅಳತೆಗೆ ಸರಿಯಾಗಿರಲಿಲ್ಲ.

"ಸಂದರ್ಶನನಾ? ಬನ್ನಿ, ಬನ್ನಿ. ಫೋಟೋ ತೆಗಿಯೋರು ಹಿಂದೆ ಬರ್ತಿದ್ದಾರಾ?"

"ಫೋಟೋ ಬೇರೆಯವರು ತೆಗೀತಾರೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಕುರ್ಚಿ ತೋರಿಸಿದ. ಕುಳಿತೆ. ಕುರ್ಚಿಯ ಒಂದು ಕಾಲು ಗಿಡ್ಡ. ಮೈ ಎಡಕ್ಕೆ ವಾಲಿತು. ಗೋಡೆಯ ಮೇಲೆ ಚಾವಣಿಯಿಂದ ಇಳಿದ ನೀರಿನ ಕಲೆ. ಅದರ ಪಕ್ಕದ ಕಪಾಟಿನಲ್ಲಿ ಒಂದೇ ಪುಸ್ತಕದ ಪ್ರತಿಗಳು, ಸೊಪ್ಪಿನ ಕಟ್ಟುಗಳ ಹಾಗೆ ಜೋಡಿಸಿಟ್ಟಿದ್ದ.

ನಾನು ತಂದಿದ್ದ ಪ್ರತಿಯನ್ನು ಅವನ ಮುಂದೆ ಹಾಕಿದೆ.

"ಕೊನೇ ಅಧ್ಯಾಯ. ಗುರುತು ಹಾಕಿದ್ದೀನಿ. ಓದಿ."

"ಗಟ್ಟಿಯಾಗಿ?"

"ಬೀದಿಗೆ ಕೇಳಿಸೋದು ಬೇಡ. ನನಗೆ ಕೇಳಿಸಿದ್ರೆ ಸಾಕು."

ಗಂಟಲು ಸರಿಮಾಡಿಕೊಂಡ. ಒಂದು ಕೈಯನ್ನು ಗಾಳಿಯಲ್ಲಿ ಎತ್ತಿದ. ತನ್ನದನ್ನು ತಾನೇ ಓದುವ ಬರಹಗಾರನಿಗೂ ಕನ್ನಡಿ ಮುಂದೆ ನಿಂತ ಮದುಮಗನಿಗೂ ವ್ಯತ್ಯಾಸವಿಲ್ಲ. ಮದುಮಗನಿಗಾದರೂ ಬೇಗ ಬುದ್ಧಿ ಬರುತ್ತದೆ.

"'ಹಿಂಬದಿಯ ಬಾಗಿಲು ಅರ್ಧ ತೆರೆದಿತ್ತು. ಕಪಾಟು ಎಂದಿನ ಜಾಗ ಬಿಟ್ಟು ಕೋಣೆಯ ನಡುವೆ ನಿಂತಿತ್ತು. ಮೇಜು ಕಿಟಕಿಗೆ ಬೆನ್ನು ತಿರುಗಿಸಿತ್ತು. ಪತ್ತೇದಾರ ಒಳಗೆ ಬಂದು ತಿರುಗಿ ನೋಡಿದ. ಬಾಗಿಲಿನ ಒಳಮೈಯಲ್ಲಿ ಯಾವುದೋ ಮಗು ಇದ್ದಿಲಿನಿಂದ ಬರೆದ ಕುದುರೆ. ಎಣಿಸಿದ. ಐದು ಕಾಲು. ಹೆಣ ಬಿದ್ದ ಕೋಣೆಯಲ್ಲಿ ಆ ಕುದುರೆಯೊಂದೇ ಓಡುತ್ತಿತ್ತು.'"

ಪುಸ್ತಕ ಮುಚ್ಚಿ ನನ್ನ ಮುಖ ನೋಡಿದ. ಚಪ್ಪಾಳೆ ಬರುತ್ತದೆ ಅಂದುಕೊಂಡನೋ ಏನೋ.

"ಆ ಕುದುರೆ ಎಲ್ಲಿಂದ ಬಂತು?"

"ಕಲ್ಪನೆ," ಎಂದ, ಕಣ್ಣು ಅರೆಮುಚ್ಚಿ. "ಅದು ಹೇಗೆ ಬರುತ್ತೆ ಅಂತ ಹೇಳೋಕಾಗಲ್ಲ. ದೊಡ್ಡವರೇ ಹೇಳ್ತಿದ್ರಲ್ಲ, ಕಣ್ಣು ಮುಚ್ಚಿದ್ರೆ ಲೋಕಗಳು ಕಾಣಿಸುತ್ತವೆ ಅಂತ."

ದೊಡ್ಡವರು ಹಾಗೆ ಹೇಳುತ್ತಿದ್ದದ್ದು ನಿಜ. ಅವರು ಸುಳ್ಳು ಹೇಳುತ್ತಿದ್ದದ್ದೂ ಅಷ್ಟೇ ನಿಜ. ಅವರ ಗುಟ್ಟು ಮನೆಯವರಿಗೆ ಮಾತ್ರ ಗೊತ್ತಿತ್ತು. ಮಗಳು ನನಗೆ ಹೇಳಿದ್ದಳು. ಆ ಮಹಾಶಯರಿಗೆ ಕಣ್ಣು ಮುಚ್ಚಿದರೆ ನಿದ್ದೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬಾಗಿಲು ಎಡಕ್ಕೋ ಬಲಕ್ಕೋ ಎಂಬುದೇ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮೊದಲ ಕಾದಂಬರಿಯಲ್ಲಿ ನಾಯಕನನ್ನು ಸರಳು ಹಾಕಿದ ಕಿಟಕಿಯಿಂದ ಹೊರಗೆ ಹಾರಿಸಿ ಊರೆಲ್ಲ ನಗೆಪಾಟಲಾಗಿದ್ದರಂತೆ. ಅಲ್ಲಿಂದ ಮುಂದೆ ಒಂದು ಅಭ್ಯಾಸ. ಪ್ರತಿ ಅಧ್ಯಾಯಕ್ಕೂ ಮೊದಲು ಬರೆಯುವ ಕೋಣೆಯ ಸಾಮಾನನ್ನೆಲ್ಲ ಕಥೆಗೆ ತಕ್ಕಂತೆ ಸರಿಸುವುದು; ಅಧ್ಯಾಯ ಮುಗಿದ ಮೇಲೆ ಮತ್ತೆ ಮೊದಲಿನಂತೆ ಇಡುವುದು. ಒಬ್ಬರೇ ತಳ್ಳಲು ಅನುಕೂಲವಾಗಲೆಂದು ಮೇಜಿಗೂ ಕಪಾಟಿಗೂ ಚಕ್ರ ಹಾಕಿಸಿದ್ದರು. ಇಷ್ಟು ವರ್ಷ ಓದುಗರು 'ಆಹಾ, ಎಂಥ ಸೃಷ್ಟಿಶಕ್ತಿ' ಎಂದು ಬಾಯಿ ಬಿಟ್ಟದ್ದು ಮರದ ಸಾಮಾನು ಸಾಗಿಸಿದ ಕೂಲಿಗೆ.

"ಇವತ್ತು ಬೆಳಿಗ್ಗೆ ದೊಡ್ಡವರ ಕೋಣೆಗೆ ಹೋಗಿದ್ದೆ," ಎಂದೆ. "ಕಪಾಟು ತಳ್ಳಿದೆ. ಅದರ ಹಿಂದೆ ಒಂದು ಬಾಗಿಲಿದೆ. ಬಾಗಿಲ ಮೇಲೆ ಒಂದು ಕುದುರೆ ಇದೆ. ಕಾಲು ಎಷ್ಟು ಅಂತ ನಿಮ್ಮನ್ನೇ ಕೇಳ್ತೀನಿ."

ಅವನ ನಗೆ ಜಾರಿತು. ಅಂಗಿ ಮಾತ್ರ ಉಳಿಯಿತು.

"ಕಾಕತಾಳೀಯ," ಎಂದ.

"ಕಾಗೆಗೂ ಒಂದು ಮರ್ಯಾದೆ ಇದೆ. ಅದನ್ನ ಇದಕ್ಕೆ ಎಳೀಬೇಡಿ."

"ಯಾರಾದ್ರೂ ಹೇಳಿರಬಹುದು ನನಗೆ."

"ಯಾರು? ಆ ಬಾಗಿಲಿಗೆ ಕಪಾಟು ಅಡ್ಡ ಬಂದು ಎಷ್ಟೋ ವರ್ಷ ಆಯ್ತು. ಪೊಲೀಸರು ತೆಗೆದ ಫೋಟೋದಲ್ಲೂ ಕಪಾಟು ಅಲ್ಲೇ ಇದೆ. ಅದು ಬಾಗಿಲು ಬಿಟ್ಟು ಕೋಣೆಯ ನಡುವೆ ಬಂದದ್ದು ಆ ಒಂದು ದಿನ, ಕೊನೇ ಅಧ್ಯಾಯಕ್ಕೆ. ಮೇಜು, ಬಾಗಿಲು, ಕುದುರೆ, ಎಲ್ಲವೂ ನಿಮ್ಮ ಪುಸ್ತಕದಲ್ಲಿ ಹೇಗಿದೆಯೋ ಹಾಗೇ. ನೀವು ಆ ದಿನ ಆ ಕೋಣೇಲಿದ್ರಿ."

"ನನಗೂ ಪ್ರತಿಭೆ ಇರಬಹುದಲ್ವಾ?" ಎಂದ. ದನಿಯಲ್ಲಿ ನಿಜವಾದ ನೋವಿತ್ತು. ಕೊಲೆಯ ಆಪಾದನೆಗಿಂತ ಅದೇ ಅವನಿಗೆ ಹೆಚ್ಚು ಚುಚ್ಚಿತ್ತು.

"ನಿಮ್ಮ ಹಳೇ ಕಾದಂಬರಿ ಮೂರನ್ನೂ ಓದಿದೆ."

ಆ ಮನುಷ್ಯ ಕುಳಿತಲ್ಲಿಂದ ಎದ್ದೇಬಿಟ್ಟ. "ಮೂರೂನಾ? ಪೂರ್ತಿ? ಹೇಗನ್ನಿಸ್ತು?"

ನನ್ನ ವೃತ್ತಿಯಲ್ಲಿ ಕಳ್ಳರನ್ನು ನೋಡಿದ್ದೇನೆ, ಖೂನಿ ಮಾಡಿದವರನ್ನು ನೋಡಿದ್ದೇನೆ. ನೇಣಿನ ಹಗ್ಗವನ್ನು ಮುಂದೆ ಹಿಡಿದಾಗ ವಿಮರ್ಶೆ ಕೇಳಿದವನನ್ನು ಕಂಡದ್ದು ಇದೇ ಮೊದಲು. ಆ ಮೂರು ಪುಸ್ತಕಗಳ ಕೊನೆಯ ಪುಟದವರೆಗೆ ಹೋಗಿ ಬಂದದ್ದು ಗೆದ್ದಲು ಬಿಟ್ಟರೆ ನಾನೊಬ್ಬನೇ ಇರಬೇಕು.

"ಹೇಳ್ತೀನಿ, ಕೂತ್ಕೊಳ್ಳಿ. ಮೊದಲನೆಯದರಲ್ಲಿ ನಾಯಕ ಗುಮಾಸ್ತ. ಅವನ ಕೋಣೆಯ ಕೆಳಗೆ ಹೊಲಿಗೆ ಯಂತ್ರದ ಸದ್ದು, ಗೋಡೆ ಮೇಲೆ ನೀರಿನ ಕಲೆ, ಒಂದು ಕಾಲು ಗಿಡ್ಡವಾದ ಕುರ್ಚಿ."

"ವಾಸ್ತವವಾದ," ಎಂದ ಮೆಲ್ಲಗೆ.

"ಎರಡನೆಯದರಲ್ಲಿ ಹಡಗಿನ ಕಪ್ತಾನ. ಹಡಗಿನ ಕೋಣೆಯಲ್ಲೂ ಗೋಡೆಯ ಮೇಲೆ ನೀರಿನ ಕಲೆ. ಅದು ಪರವಾಗಿಲ್ಲ, ಸಮುದ್ರ. ಮೂರನೆಯದರಲ್ಲಿ ರಾಜಕುಮಾರ. ಅವನು ಅರಮನೆಯಲ್ಲಿ ಸಿಂಹಾಸನದ ಮೇಲೆ ಕೂತರೆ ಸಿಂಹಾಸನ ಎಡಕ್ಕೆ ವಾಲುತ್ತೆ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತೆ."

ಕೆಳಗೆ ದರ್ಜಿ ಒಂದು ಉದ್ದ ಹೊಲಿಗೆ ಹಾಕಿದ. ಇಬ್ಬರೂ ಕೇಳಿಸಿಕೊಂಡೆವು.

"ನಿಮ್ಮ ಕೈಯಲ್ಲಿ ಒಂದು ಕುರ್ಚಿ ಕೂಡ ಹುಟ್ಟೋದಿಲ್ಲ," ಎಂದೆ. "ಕಂಡದ್ದನ್ನ ಬಿಟ್ಟು ಬೇರೇನೂ ಬರೆಯೋಕೆ ಬರಲ್ಲ. ಅಂಥವರ ಕೈಯಿಂದ ಐದು ಕಾಲಿನ ಕುದುರೆ ಹುಟ್ಟಿತು ಅಂದ್ರೆ ನಾನು ನಂಬಬೇಕಾ? ಆ ಕೋಣೇಲಿ ನೀವಿದ್ರಿ. ಹೆಣವನ್ನೂ ನೋಡಿದ್ರಿ. ಈಗ ಎದ್ದು ಚಪ್ಪಲಿ ಹಾಕ್ಕೊಳ್ಳಿ, ಇನ್ಸ್‌ಪೆಕ್ಟರ್ ಹತ್ರ ಹೋಗೋಣ."

ಅವನು ಚಪ್ಪಲಿ ಹಾಕಲಿಲ್ಲ. ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಮಾತು ಬಂತು.

"ಕೊಂದಿದ್ದು ನಾನಲ್ಲ. ಮುನ್ನುಡಿ ಕೇಳೋಕೆ ಹೋಗಿದ್ದೆ."

"ಏನು?"

"ಮುನ್ನುಡಿ. ನನ್ನ ನಾಲ್ಕನೇ ಕಾದಂಬರಿಗೆ. ಎಷ್ಟು ಸಲ ಕೇಳಿದ್ರೂ 'ನೋಡೋಣ' ಅಂತಿದ್ರು. ಆವತ್ತು ಪ್ರಕಾಶಕರ ಕಚೇರಿಯಿಂದ ಸೀದಾ ಹೋದೆ. ನಾನು ಅಲ್ಲಿ ಕರಡು ತಿದ್ದೋ ಕೆಲಸ ಮಾಡ್ತಿದ್ದೆ. ಅವರ ತಂಗಿ ಬಾಗಿಲು ತೆಗೆದ್ರು. ಪೂರ್ತಿ ತೆಗೀಲಿಲ್ಲ, ಇಷ್ಟೇ." ಎರಡು ಅಂಗೈಗಳ ನಡುವೆ ಜಾಗ ತೋರಿಸಿದ. "'ಬರೀತಿದ್ದಾರೆ, ಯಾರನ್ನೂ ನೋಡಲ್ಲ' ಅಂದ್ರು. ನಾನು ಬೇಡಿಕೊಳ್ತಾ ನಿಂತಿದ್ದೆ. ಆಗ ಮೇಲೆ ಧಡ್ ಅಂತ ಸದ್ದಾಯ್ತು."

"ಸದ್ದು?"

"ಭಾರವಾದ್ದೇನೋ ಬಿದ್ದ ಹಾಗೆ. ನಾನು ಬೆಚ್ಚಿದೆ. ಅವರು ಬೆಚ್ಚಲಿಲ್ಲ. 'ಸಾಮಾನು ಸರಿಸ್ತಿದ್ದಾರೆ, ದಿನಾ ಇದ್ದದ್ದೇ' ಅಂದು ಬಾಗಿಲು ಹಾಕಿ ಚಿಲಕ ಹಾಕಿದ್ರು."

ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಕುರ್ಚಿ ಬಲಕ್ಕೆ ವಾಲಿತು.

"ಇನ್ನೊಂದು ಸಲ ಹೇಳಿ. ಸದ್ದಾದಾಗ ಆ ಹೆಂಗಸು ಎಲ್ಲಿದ್ರು?"

"ನನ್ನ ಎದುರಿಗೇ. ಬಾಗಿಲಲ್ಲಿ."

"ಕೆಳಗೆ."

"ಕೆಳಗೆ."

ಅಷ್ಟೇ. ಅಷ್ಟೇ ಬೇಕಾಗಿದ್ದದ್ದು. ದೊಡ್ಡವರ ತಲೆಗೆ ಪೆಟ್ಟು ಬಿದ್ದಾಗ ಅವರ ತಂಗಿ ಕೆಳಗೆ, ಮುಂಬಾಗಿಲಲ್ಲಿ, ಈ ಹುಳುವಿನ ಮುಂದೆ ನಿಂತಿದ್ದರು. ಇಷ್ಟು ತಿಂಗಳಿಂದ ಇವನು ಈ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಸಮಾರಂಭದಿಂದ ಸಮಾರಂಭಕ್ಕೆ ಓಡಾಡಿಕೊಂಡಿದ್ದ.

"ಆಮೇಲೆ?"

"ಹಿತ್ತಲ ಕಡೆ ಹೋದೆ. ಹಿಂದಿನ ಮೆಟ್ಟಿಲು ಕಾಣಿಸ್ತು. ಮೇಲಿನ ಬಾಗಿಲು ತೆರೆದಿತ್ತು. ಹತ್ತಿದೆ. ಅವರು ನೆಲದ ಮೇಲಿದ್ರು. ಪಕ್ಕದಲ್ಲಿ ಆ ಪ್ರಶಸ್ತಿ."

ಪ್ರಶಸ್ತಿ ಎಂದರೆ ಮೊಳದುದ್ದದ ಕಂಚಿನ ಲೇಖನಿ. ಯಾವುದೋ ಸಂಘ ಕೊಟ್ಟದ್ದು. ಅಷ್ಟು ತೂಕದ್ದು ದೊಡ್ಡವರ ಲೇಖನಿಯಿಂದ ಒಂದು ದಿನವೂ ಇಳಿದಿರಲಿಲ್ಲ. ಕೊನೆಗೆ ಲೇಖನಿಯೇ ಅವರ ಮೇಲೆ ಇಳಿದಿತ್ತು.

"ಉಸಿರಿತ್ತಾ?"

"ಇರಲಿಲ್ಲ. ಮೂಗಿನ ಹತ್ರ ಕೈ ಹಿಡಿದು ನೋಡಿದೆ."

"ಕೂಗಿದ್ರಾ?"

"ಇಲ್ಲ."

"ಮತ್ತೇನು ಮಾಡಿದ್ರಿ?"

ಅವನು ಕೈ ಕೆಳಗಿಳಿಸಿದ. ಕಣ್ಣು ಒದ್ದೆಯಾಗಿತ್ತು. ಆದರೂ ಆ ಕಣ್ಣಲ್ಲಿ ಏನೋ ಒಂದು ಹೊಳಪು.

"ಓದಿದೆ," ಎಂದ.

"ಓದಿದ್ರಾ!"

"ಮೇಜಿನ ಮೇಲೆ ಹಾಳೆ ಇತ್ತು. ಹೊಸ ಅಧ್ಯಾಯ ಶುರು ಮಾಡಿದ್ರು. ವಾಕ್ಯ ಅರ್ಧಕ್ಕೆ ನಿಂತಿತ್ತು."

"ಆಗ?"

"ಮನಸ್ಸಲ್ಲೇ ಪೂರ್ತಿ ಮಾಡಿದೆ."

ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅನ್ನುತ್ತಾರಲ್ಲ, ಹಾಗೆ. ಕಾಲ ಬಳಿ ಹೆಣ, ಕೆಳಗೆ ಏನೂ ಅರಿಯದ ಹೆಂಗಸು, ಇವನು ನಿಂತು ವಾಕ್ಯ ಮುಗಿಸುತ್ತಿದ್ದಾನೆ! ಸಿಟ್ಟು ನೆತ್ತಿಗೇರಿತು. ಆ ಗಿಡ್ಡಕಾಲಿನ ಕುರ್ಚಿಯನ್ನು ಎತ್ತಿ ಅವನ ಮೇಲೆ ಒಗೆಯಬೇಕು ಅನ್ನಿಸಿತು. ಅದನ್ನೂ ಇವನು ಮುಂದಿನ ಕಾದಂಬರಿಯಲ್ಲಿ ಬರೆದಾನು ಎಂಬ ಹೇಸಿಗೆಯಿಂದ ಸುಮ್ಮನಾದೆ.

"ಆಯಮ್ಮನನ್ನ ಹಿಡ್ಕೊಂಡು ಹೋದ್ರಲ್ಲ, ಆಗ ಯಾಕೆ ಬಾಯಿ ಬಿಡಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಪ್ರಕಾಶಕರು ಕರೆದು, ನೀನೇ ಮುಗಿಸು ಅಂದ್ರು. ಆವತ್ತು ಅಲ್ಲಿದ್ದೆ ಅಂದ್ರೆ ಬರೆಯೋಕೆ ಬಿಡ್ತಿದ್ರಾ? ಪುಸ್ತಕ ಬರಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಪುಸ್ತಕ ಬಂತು. ಆಮೇಲೆ ಎರಡನೇ ಮುದ್ರಣ..." ದನಿ ತಗ್ಗಿತು. "ಅವರು ತಾವೇ ಹೇಳ್ತಾರೆ ಅಂತಲೂ ಇತ್ತು ನನಗೆ. ಬಾಗಿಲಿಗೆ ಒಬ್ಬ ಬಂದಿದ್ದ, ಅವನನ್ನ ಕೇಳಿ ಅಂತ. ಅವರು ಯಾಕೆ ಹೇಳಲಿಲ್ಲ?"

ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಪ್ರಶ್ನೆ ಅದು.

ಹೌದು, ಯಾಕೆ ಹೇಳಲಿಲ್ಲ? ಆ ದಿನ ಮನೆಗೆ ಯಾರೂ ಬಂದಿರಲಿಲ್ಲ ಎಂದು ಆಕೆಯೇ ಪೊಲೀಸರಿಗೆ ಹೇಳಿದ್ದರು. ನ್ಯಾಯಾಲಯದಲ್ಲೂ ಅದನ್ನೇ ಹೇಳಿದ್ದರು. ಕಳೆದ ವಾರ ಜೈಲಿನಲ್ಲಿ ನೋಡಲು ಹೋದಾಗ ಕಂಬಿಯ ಆಚೆ ಕೈಕಟ್ಟಿ ಕುಳಿತು, ನಾನೇನೋ ಹಳೇ ಪಾತ್ರೆ ಕೊಳ್ಳಲು ಬಂದವನೆಂಬಂತೆ ನೋಡಿದ್ದರು. "ನನ್ನನ್ನ ಬಿಡಿಸೋದು ಬೇಡ. ನೀವು ಮನೆಗೆ ಹೋಗಿ. ಮಗೂನೂ ಸುಮ್ಮನಿರು ಅಂತ ಹೇಳಿ," ಎಂದಿದ್ದರು. ಮೂವತ್ತು ದಾಟಿದ ಹೆಂಗಸು ಅವರಿಗೆ ಇನ್ನೂ ಮಗು. ಅಣ್ಣನ ಗುಲಾಮಗಿರಿ ಮಾಡಿ ಮಾಡಿ ಬುದ್ಧಿ ಮಂಕಾಗಿದೆ ಎಂದುಕೊಂಡು ನಾನು ಎದ್ದು ಬಂದಿದ್ದೆ.

ಕಪಾಟನ್ನು ಮತ್ತೆ ಬಾಗಿಲಿಗೆ ತಳ್ಳಿಟ್ಟದ್ದೂ ಆಕೆಯೇ. ಬೇರೆ ಯಾರು ತಳ್ಳಿಯಾರು? ತನ್ನನ್ನು ಉಳಿಸಬಹುದಾಗಿದ್ದ ಆ ತೆರೆದ ಬಾಗಿಲನ್ನು ತಾನೇ ಮುಚ್ಚಿ, ಮೇಜನ್ನು ಮೊದಲಿನಂತೆ ತಿರುಗಿಸಿ, ಆಮೇಲೆ ಪೊಲೀಸರನ್ನು ಕರೆದಿದ್ದರು.

"ಇನ್ನೊಂದು ಕೇಳ್ತೀನಿ," ಎಂದೆ. "ನೀವು ಕಂಡದ್ದನ್ನೆಲ್ಲ ಬರೆದಿದ್ದೀರಿ. ಕಂಡೂ ಬರೆಯದೆ ಬಿಟ್ಟದ್ದು ಏನಾದ್ರೂ ಇದೆಯಾ?"

ಅವನು ಕಣ್ಣು ತಪ್ಪಿಸಿದ. ಸುಳ್ಳು ಹೇಳುವವನ ಹಾಗಲ್ಲ. ಕೆಟ್ಟ ವಾಕ್ಯ ಬರೆದು ಸಿಕ್ಕಿಬಿದ್ದವನ ಹಾಗೆ.

"ಒಂದಿದೆ. ಬಿಡಲೇಬೇಕಾಯ್ತು."

"ಯಾಕೆ?"

"ಕೊನೇ ಅಧ್ಯಾಯ ಅಲ್ವಾ. ಪತ್ತೇದಾರಿ ಕಾದಂಬರಿಗೆ ಒಂದು ನಿಯಮ ಇದೆ. ಕೊನೇ ಅಧ್ಯಾಯದಲ್ಲಿ ಹೊಸ ಪಾತ್ರ ತರಬಾರದು. ಓದುಗರಿಗೆ ಮೋಸ ಆಗುತ್ತೆ. ಆ ಸಾಮಾನು ಬರೆದ್ರೆ ಅದರ ಯಜಮಾನಿಯನ್ನೂ ತರಬೇಕಾಗ್ತಿತ್ತು. ದೊಡ್ಡವರು ಹಿಂದಿನ ಅಧ್ಯಾಯಗಳಲ್ಲಿ ಅಂಥವರನ್ನ ಯಾರನ್ನೂ ಇಟ್ಟಿರಲಿಲ್ಲ. ಅದಕ್ಕೇ ಬಿಟ್ಟೆ."

ಓದುಗರಿಗೆ ಮೋಸವಾಗಬಾರದಂತೆ! ಒಬ್ಬ ಹೆಂಗಸು ಜೈಲಿನಲ್ಲಿ ಕೊಳೆಯಬಹುದು, ನಿಯಮ ಮುರಿಯಬಾರದು.

"ಯಜಮಾನಿ ಅಂದ್ರಿ. ಏನು ಸಾಮಾನು ಅದು?"

"ಕೊಡೆ. ಕಪಾಟಿಗೆ ಒರಗಿಸಿ ಇಟ್ಟಿತ್ತು. ಹೆಂಗಸರ ಕೊಡೆ."

"ಹೆಂಗಸರದು ಅಂತ ಹೇಗೆ ಗೊತ್ತು?"

"ಚಿಕ್ಕದು. ಹಿಡಿಕೆ ಒಂದು ಹಕ್ಕಿ ತಲೆ. ಬಾತುಕೋಳಿ ಇರಬೇಕು, ಸರಿಯಾಗಿ ಗೊತ್ತಾಗಲಿಲ್ಲ." ತನ್ನ ಮೂಗಿನ ತುದಿಯನ್ನು ಮುಟ್ಟಿಕೊಂಡ. "ಕೊಕ್ಕು ಇರಲಿಲ್ಲ."

ಕೆಳಗೆ ಹೊಲಿಗೆ ಯಂತ್ರಗಳು ಒಂದಾದ ಮೇಲೊಂದು ನಿಂತವು. ದರ್ಜಿಗಳು ಊಟಕ್ಕೆ ಎದ್ದರೆಂದು ಕಾಣುತ್ತದೆ. ಅವರ ಮಾತು ಬೀದಿಗಿಳಿದು ದೂರವಾಯಿತು.

"ಕಪಾಟಿನ ಆಚೆ ಬದಿ ನೋಡಿದ್ರಾ?" ಎಂದು ಕೇಳಿದೆ.

"ಇಲ್ಲ. ಯಾಕೆ? ಆಚೆ ಬದಿ ಯಾರಾದ್ರೂ..." ಅವನು ಅಲ್ಲಿಗೇ ನಿಲ್ಲಿಸಿದ. ಅರ್ಧಕ್ಕೆ ನಿಂತ ವಾಕ್ಯಗಳನ್ನು ಮುಗಿಸಿ ಹೆಸರಾದವನಿಗೆ ಇದನ್ನು ಮುಗಿಸಲು ಆಗಲಿಲ್ಲ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಒರೆಸಿದ್ದನ್ನು ನೋಡಿ, ಮೇಕೆಯೇ ಕಳ್ಳ ಎಂದು ಊರೆಲ್ಲ ಸಾರಿಕೊಂಡು ಬಂದವನು ನಾನು. ಸಾವಿನ ದಿನ ತಾನು ಬೇರೆ ಊರಿನಲ್ಲಿದ್ದೆ ಎಂದು ಮಗಳು ಹೇಳಿದ್ದಳು. ನಾನು ವಿಚಾರಿಸಲಿಲ್ಲ. ಕೊನೆಯ ಅಧ್ಯಾಯ ಓದಿ ಎಂದು ಪುಸ್ತಕ ತಂದುಕೊಟ್ಟವಳು ಅವಳು. ಅಪ್ಪನ ಗುಟ್ಟು ಹೇಳಿದವಳು ಅವಳು. ಇವತ್ತು ಬೆಳಿಗ್ಗೆ ಕಪಾಟು ತಳ್ಳಿ ನೋಡಿ ಎಂದವಳೂ ಅವಳೇ. ಬರಹಗಾರರ ಜಾತಿಯನ್ನೇ ತುಚ್ಛವಾಗಿ ಕಾಣುವ ನನಗೆ ಒಬ್ಬ ಬರಹಗಾರನನ್ನು ತಟ್ಟೆಯಲ್ಲಿಟ್ಟು ಕೊಟ್ಟರೆ ಬೇರೆ ಕಡೆ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಲು ಹೆಚ್ಚು ಹೊತ್ತೂ ಬೇಕಾಗಿರಲಿಕ್ಕಿಲ್ಲ. ನಾನು ಬಾಯಿ ತೆಗೆದರೆ ಸಾಕು.

ಆದರೆ ಅತ್ತೆಯನ್ನು ಬಿಡಿಸಬೇಕೆಂಬ ಅವಳ ಆಸೆ ನಾಟಕವಲ್ಲ. ಅದು ಬೆಳಿಗ್ಗೆ ಆ ಬಾಗಿಲ ಮುಂದೆ ಕಂಡಿತ್ತು. ಕಪಾಟು ಸರಿದು ಕುದುರೆ ಹೊರಬಿದ್ದಾಗ ಅವಳು ಹತ್ತಿರ ಹೋಗಿ ಐದನೆಯ ಕಾಲನ್ನು ಬೆರಳಿಂದ ಸವರಿದ್ದಳು.

"ನಾನೇ ಬರೆದಿದ್ದು," ಎಂದಿದ್ದಳು. "ಅಪ್ಪನಿಗೆ ಕೆಂಡದಂಥ ಕೋಪ ಬಂತು. ಬಣ್ಣ ಬಳಿಸಿ ಅಳಿಸಿಬಿಡ್ತೀನಿ ಅಂದ್ರು. ಅತ್ತೆ ಬಿಡಲಿಲ್ಲ. 'ಮಗು ಬರೆದದ್ದು, ಅಳಿಸೋದು ಬೇಡ, ಮುಚ್ಚಿದ್ರೆ ಸಾಕು' ಅಂತ ಕಪಾಟು ತಂದು ಅಡ್ಡ ಇಟ್ರು. ಆಗ ಅದಕ್ಕೆ ಚಕ್ರ ಇರಲಿಲ್ಲ. ಒಬ್ಬರೇ ಎಳೆದು ತಂದ್ರು."

ಅಳಿಸೋದು ಬೇಡ, ಮುಚ್ಚಿದ್ರೆ ಸಾಕು.

ಕಳೆದ ಬೇಸಿಗೆಯ ಆ ಮಧ್ಯಾಹ್ನವೂ ಆಕೆ ಮಹಡಿ ಹತ್ತಿ, ಅಣ್ಣನನ್ನು ನೋಡಿ, ಕೊಡೆಯನ್ನು ನೋಡಿ, ಅದನ್ನು ಮಗುವಿನ ಕೈಗೆ ಕೊಟ್ಟು ಹಿಂದಿನ ಮೆಟ್ಟಿಲಿನಿಂದ ಕಳಿಸಿ, ಇನ್ನೊಮ್ಮೆ ಅದೇ ಕಪಾಟನ್ನು ಅದೇ ಬಾಗಿಲಿಗೆ ತಳ್ಳಿದ್ದರು. ನಾನು ಮಂಕು ಎಂದುಕೊಂಡ ಹೆಂಗಸು! ಕಂಬಿಯ ಹಿಂದೆ ಕೈಕಟ್ಟಿ ಕುಳಿತು ಆಕೆ ಇನ್ನೂ ಆ ಕಪಾಟನ್ನು ಹಿಡಿದು ನಿಂತಿದ್ದರು. ಈ ಇಡೀ ಪ್ರಕರಣದಲ್ಲಿ ನಾನು ಗೌರವಿಸಬಹುದಾಗಿದ್ದವರು ಆಕೆ ಒಬ್ಬರೇ. ನಾಡಿದ್ದಿನೊಳಗೆ ಆಕೆಯನ್ನು ಹೊರತರಬೇಕಾದರೆ ಆ ಕಪಾಟನ್ನು ನಾನೇ ಎಳೆದು ಹಾಕಬೇಕಾಗಿತ್ತು. ಬಾಲಂಗೋಚಿ ನ್ಯಾಯಾಲಯದಲ್ಲಿ ಬಾಯಿ ತೆಗೆದರೆ ಅತ್ತೆ ಹೊರಗೆ. ಪೂರ್ತಿ ತೆಗೆದರೆ ಮಗಳು ಒಳಗೆ.

"ಕೊಡೆ ವಿಷಯ ಯಾರಿಗಾದ್ರೂ ಹೇಳಿದ್ದೀರಾ?" ಎಂದೆ, ದನಿ ತಗ್ಗಿಸಿ.

"ಇಲ್ಲ. ನೀವೇ ಮೊದಲು."

"ಇನ್ನು ಮೇಲೂ ಹೇಳಬೇಡಿ. ನಾನು ಹೇಳೋವರೆಗೆ. ಈಗ ಒಬ್ಬರು ಬರ್ತಾರೆ, ಅವರ ಮುಂದೆ ಬಾಯಿ..."

ಮೆಟ್ಟಿಲ ಮೇಲೆ ಸದ್ದಾಯಿತು. ಕಾಲಿನ ಸದ್ದು, ಅದರ ನಡುನಡುವೆ ಮರಕ್ಕೆ ಲೋಹದ ತುದಿ ಕುಟ್ಟುವ ಸದ್ದು. ನಾನು ಕರೆದಿರಲಿಲ್ಲ.

ಬಾಗಿಲು ತೆರೆಯಿತು. ಬಿಸಿಲಿನಿಂದ ಬಂದ ಅವಳ ಮುಖ ಕೆಂಪಾಗಿತ್ತು.

"ಇಷ್ಟು ಹೊತ್ತಾ?" ಎಂದಳು. "ಏನಂತಾನೆ? ಒಪ್ಕೊಂಡ್ನಾ?"

ನಾನು ಮುಖವನ್ನು ಕಲ್ಲು ಮಾಡಿಕೊಂಡೆ. ಇಷ್ಟು ವರ್ಷ ಈ ಕಸುಬು ಮಾಡಿ ಅಷ್ಟಾದರೂ ಕಲಿತಿದ್ದೇನೆ. ಬಾಲಂಗೋಚಿ ಅದನ್ನೂ ಕಲಿತಿರಲಿಲ್ಲ. ಕಂಡದ್ದನ್ನು ಕಾಣದ ಹಾಗೆ ಇರಲು ಆ ಮನುಷ್ಯನಿಗೆ ಯಾವತ್ತೂ ಬಂದದ್ದಿಲ್ಲ. ಅವನ ಕಣ್ಣು ಅವಳ ಮುಖದಿಂದ ತೋಳಿಗೆ, ತೋಳಿನಿಂದ ಕೈಗೆ, ಕೈಯಿಂದ ಆ ಕೊಕ್ಕಿಲ್ಲದ ತಲೆಗೆ ಇಳಿದು ಅಲ್ಲೇ ಅಂಟಿಕೊಂಡಿತು. ಬಾಯಿ ತೆರೆದೇ ಇತ್ತು.

ಅವಳು ಅವನ ನೋಟವನ್ನು ಹಿಂಬಾಲಿಸಿದಳು. ಒಂದು ಗಳಿಗೆ ಕೊಡೆಯ ಹಿಡಿಕೆಯನ್ನು ತಾನೂ ನೋಡಿದಳು.

ಆಮೇಲೆ ಅಂಗೈಯಿಂದ ಅದನ್ನು ಮೆಲ್ಲಗೆ ಮುಚ್ಚಿದಳು. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ನಮ್ಮಿಬ್ಬರಿಂದ ಕಣ್ಣು ತೆಗೆಯದೆ, ಬಾಗಿಲಿನ ಚಿಲಕ ಹಾಕಿದಳು.

"ಇವರು ಇನ್ನೂ ಏನೇನು ನೋಡಿದ್ದಾರಂತೆ?" ಎಂದು ನನ್ನನ್ನು ಕೇಳಿದಳು.